ದುಡ್ಡು ಕೊಟ್ಟೋರ ಹೆಸರು ಹೇಳಿ ಸ್ವಾಮಿ

ರಾಜಕಾರಣಿಗಳು ಕೊಡೋ ಭರವಸೆಗಳಲ್ಲಿ ಎರಡು ಥರ. ಒಂದು, ನಮಗೆ ಏನು ಕೊಡ್ತೀವಿ ಅನ್ನೋದು. ಇನ್ನೊಂದು, ತಾವು ಹೇಗೆ ನಡ್ಕೋತೀವಿ ಅನ್ನೋದು. ಮೊದಲನೇದು ತಪ್ಪಿದ್ರೆ ನಮಗೆ ತಕ್ಷಣ ಗೊತ್ತಾಗುತ್ತೆ. ರೋಡ್ ಮಾಡ್ತೀವಿ ಅಂದು ಮಾಡದಿದ್ರೆ ಗುಂಡಿ ಕಣ್ಣೆದುರೇ ಇರುತ್ತೆ. ಖಾತೆಗೆ ದುಡ್ಡು ಹಾಕ್ತೀವಿ ಅಂದು ಹಾಕದಿದ್ರೆ ಎರಡೇ ದಿನಕ್ಕೆ ಫ್ಯಾಮಿಲಿ ಗ್ರೂಪಲ್ಲಿ ಚರ್ಚೆ ಶುರು.

ಎರಡನೇದು ತಪ್ಪಿದ್ರೆ? ಯಾರ ಮನೆಯ ಅಕ್ಕಿಯೂ ಕಮ್ಮಿ ಆಗಲ್ಲ. ಯಾರ ಇಎಂಐ ಕೂಡ ಜಾಸ್ತಿ ಆಗಲ್ಲ. ಹಾಗಾಗಿ ಅದು ಸದ್ದಿಲ್ಲದೆ ಮುರಿಯುತ್ತೆ.

ಈ ಎರಡನೇ ಥರದಲ್ಲಿ, ನಾನು ನೋಡಿದ ಹಾಗೆ, ಅತಿ ಸಲೀಸಾಗಿ ಮುರಿಯೋದು ಒಂದೇ: 'ನಮ್ಮ ಪಕ್ಷಕ್ಕೆ ದುಡ್ಡು ಎಲ್ಲಿಂದ ಬರುತ್ತೆ ಅಂತ ನಾವು ಮುಚ್ಚಿಡಲ್ಲ' ಅನ್ನೋ ಮಾತು. ಈ ವಾರ ಅದರ ಕಥೆ. ಯಾವ ಪಕ್ಷದ ಅಭಿಮಾನಿಯೇ ಆಗಿರಿ, ಪೂರ್ತಿ ಓದಿ. ನಿಮ್ಮ ಪಕ್ಷವೂ ಬರುತ್ತೆ, ಪಕ್ಕದ ಮನೆಯವರದ್ದೂ ಬರುತ್ತೆ.

2,000 ಮತ್ತು 20,000

2017ರ ಫೆಬ್ರವರಿ 1. ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಬಜೆಟ್ ಓದ್ತಾ ಒಂದು ಒಳ್ಳೇ ಮಾತು ಹೇಳಿದ್ರು. ಸ್ವಾತಂತ್ರ್ಯ ಬಂದು 70 ವರ್ಷ ಆದ್ರೂ ಪಕ್ಷಗಳಿಗೆ ಪಾರದರ್ಶಕವಾಗಿ ಹಣ ಬರೋ ವ್ಯವಸ್ಥೆ ನಮ್ಮಲ್ಲಿ ಆಗಿಲ್ಲ, ಅದನ್ನ ಸರಿಮಾಡ್ತೀವಿ ಅಂತ. ಒಬ್ಬರಿಂದ ನಗದಾಗಿ 2,000 ರೂಪಾಯಿಗಿಂತ ಹೆಚ್ಚು ದೇಣಿಗೆ ತಗೊಳ್ಳೋ ಹಾಗಿಲ್ಲ ಅಂತಾನೂ ಘೋಷಿಸಿದ್ರು. ನೋಟು ರದ್ದಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಜನ ಮೆಚ್ಚಿಕೊಂಡರು.

ಆದ್ರೆ ಪಕ್ಕದಲ್ಲೇ ಇದ್ದ ಇನ್ನೊಂದು ನಂಬರನ್ನ ಯಾರೂ ಮುಟ್ಟಲಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ, ಒಬ್ಬರು ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಮಾತ್ರ ಪಕ್ಷ ಅವರ ಹೆಸರನ್ನ ಚುನಾವಣಾ ಆಯೋಗಕ್ಕೆ ತಿಳಿಸಬೇಕು. ಅದು ಹಾಗೇ ಉಳೀತು. ಅಂದ್ರೆ ನಗದಿಗೆ ಮಾತ್ರ ಹೊಸ ಮಿತಿ, ಹೆಸರು ಹೇಳೋಕೆ ಹಳೇ ಮಿತಿಯೇ. ಒಬ್ಬ ದೊಡ್ಡ ಮನುಷ್ಯನ ದುಡ್ಡನ್ನ ಸಾವಿರ ಜನ ಸಣ್ಣವರ ಹೆಸರಲ್ಲಿ ಬರೆದುಕೊಂಡರೆ ಯಾರ ಹೆಸರೂ ಹೊರಗೆ ಬರಲ್ಲ.

ಅದೇ ಭಾಷಣದಲ್ಲಿ ಬಂದದ್ದು ಎಲೆಕ್ಟೋರಲ್ ಬಾಂಡ್, ಅಂದ್ರೆ ಚುನಾವಣಾ ಬಾಂಡ್. ಸ್ಟೇಟ್ ಬ್ಯಾಂಕಿಗೆ ಹೋಗಿ 1,000 ರೂಪಾಯಿಯಿಂದ 1 ಕೋಟಿವರೆಗಿನ ಬಾಂಡ್ ಕೊಂಡುಕೊಳ್ಳೋದು, ಬೇಕಾದ ಪಕ್ಷಕ್ಕೆ ಕೊಡೋದು, ಅವರು 15 ದಿನದೊಳಗೆ ಖಾತೆಗೆ ಹಾಕ್ಕೊಳ್ಳೋದು. ಬಾಂಡ್ ಮೇಲೆ ಕೊಟ್ಟವರ ಹೆಸರಿಲ್ಲ. ಪಕ್ಷ ಅದನ್ನ ಆಯೋಗಕ್ಕೆ ಹೇಳಬೇಕಿಲ್ಲ. ಅಲ್ಲಿವರೆಗೆ ಕಂಪನಿಯೊಂದು ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 7.5 ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. ಆ ಮಿತಿಯನ್ನೂ ತೆಗೆದರು. ಲಾಭವೇ ಇಲ್ಲದ ಕಂಪನಿಯೂ ಎಷ್ಟು ಬೇಕಾದ್ರೂ ಕೊಡಬಹುದು ಅಂತಾಯ್ತು. ಯಾವ ಪಕ್ಷಕ್ಕೆ ಕೊಟ್ವಿ ಅಂತ ಕಂಪನಿ ತನ್ನ ಲೆಕ್ಕಪತ್ರದಲ್ಲಿ ಬರೆಯೋ ಅಗತ್ಯವೂ ಹೋಯ್ತು.

ಇದಕ್ಕೆಲ್ಲ ಪಾರದರ್ಶಕತೆ ಅನ್ನೋ ಹೆಸರು. ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿ 'ಗಾಜು ಹಾಕಿಸಿದ್ದೀವಿ ನೋಡಿ' ಅಂದ ಹಾಗೆ.

ಈ ತಿದ್ದುಪಡಿಗಳನ್ನೆಲ್ಲ ಹಣಕಾಸು ಮಸೂದೆಯ ಒಳಗೆ ಸೇರಿಸಿದ್ದರಿಂದ ರಾಜ್ಯಸಭೆಗೆ ತಡೆಯೋ ಅಧಿಕಾರವೇ ಇರಲಿಲ್ಲ. ರಿಸರ್ವ್ ಬ್ಯಾಂಕ್ ಮೊದಲೇ ಬೇಡ ಅಂದಿತ್ತು. ಚುನಾವಣಾ ಆಯೋಗ 2017ರ ಮೇ ತಿಂಗಳಲ್ಲಿ ಕಾನೂನು ಸಚಿವಾಲಯಕ್ಕೆ ಪತ್ರ ಬರೆದು, ಇದು ಹಿಮ್ಮುಖ ಹೆಜ್ಜೆ ಅಂತ ಎಚ್ಚರಿಸಿತ್ತು. ಆದ್ರೂ 2018ರ ಜನವರಿ 2ಕ್ಕೆ ಯೋಜನೆ ಜಾರಿಗೆ ಬಂತು.

ನಮ್ಮ ಎಲೆಕ್ಷನ್ನಿಗೆ ಸ್ಪೆಷಲ್ ಕೌಂಟರ್

ಇದರಲ್ಲಿ ಕರ್ನಾಟಕದ ಪಾಲೂ ಇದೆ. ನಿಯಮದ ಪ್ರಕಾರ ಬಾಂಡ್ ಮಾರಾಟ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳಲ್ಲಿ ತಲಾ ಹತ್ತು ದಿನ. ಲೋಕಸಭಾ ಚುನಾವಣೆ ಇರೋ ವರ್ಷ ಮಾತ್ರ ಹೆಚ್ಚುವರಿಯಾಗಿ 30 ದಿನ. ವಿಧಾನಸಭೆ ಚುನಾವಣೆಗೆ ಅಂತ ಪ್ರತ್ಯೇಕ ಅವಕಾಶವೇ ಇರಲಿಲ್ಲ.

2018ರ ಮೇ 12ಕ್ಕೆ ನಮ್ಮಲ್ಲಿ ಮತದಾನ ಇತ್ತು. ಆ ವರ್ಷ ಮೇ 1ರಿಂದ 10ರವರೆಗೆ ಬಾಂಡ್ ಮಾರಾಟದ ಕೌಂಟರ್ ತೆರೆದಿತ್ತು. ಯೋಜನೆ ಶುರುವಾಗಿ ಐದು ತಿಂಗಳು ಕೂಡ ಆಗಿರಲಿಲ್ಲ. ಅವರೇ ಬರೆದ ನಿಯಮ, ಅವರೇ ಪಕ್ಕಕ್ಕಿಟ್ಟರು. ವಿಧಾನಸಭೆ ಚುನಾವಣೆ ಇರೋ ವರ್ಷ ಹೆಚ್ಚುವರಿ 15 ದಿನ ಮಾರಬಹುದು ಅಂತ ನಿಯಮ ಬದಲಾಯಿಸಿದ್ದು 2022ರ ನವೆಂಬರಿನಲ್ಲಿ, ನಾಲ್ಕು ವರ್ಷ ಆದ ಮೇಲೆ.

ಅದೇ ಹೊತ್ತಿಗೆ, 2018ರ ಏಪ್ರಿಲಿನಲ್ಲಿ, ಒಬ್ಬ ಪತ್ರಕರ್ತೆ 1,000 ರೂಪಾಯಿಯ ಬಾಂಡ್ ಕೊಂಡು ಲ್ಯಾಬಿಗೆ ಕಳಿಸಿದ್ರು. ಅಲ್ಟ್ರಾವಯಲೆಟ್ ಬೆಳಕಲ್ಲಿ ಮಾತ್ರ ಕಾಣೋ ಒಂದು ಗುಪ್ತ ನಂಬರ್ ಅದರ ಮೇಲಿತ್ತು. ಅದು ನಕಲಿ ತಡೆಯೋಕೆ ಅಷ್ಟೇ ಅಂತ ಸರ್ಕಾರ ಹೇಳಿತು. ಆರು ವರ್ಷದ ನಂತರ ಸುಪ್ರೀಂ ಕೋರ್ಟ್ ಹಿಡಿದು ಕೇಳಿದಾಗ ಅದೇ ನಂಬರ್‌ಗಳು ಬ್ಯಾಂಕಿನಿಂದ ಹೊರಬಂದವು. ಯಾರು ಕೊಂಡ ಬಾಂಡ್ ಯಾವ ಪಕ್ಷಕ್ಕೆ ಹೋಯ್ತು ಅಂತ ಜೋಡಿಸೋಕೆ ಆದದ್ದು ಅದರಿಂದಲೇ. ಕೊಟ್ಟವನಿಗೆ ಗೊತ್ತು, ತಗೊಂಡವರಿಗೆ ಗೊತ್ತು, ಸರ್ಕಾರಿ ಬ್ಯಾಂಕಿನ ದಾಖಲೆಯಲ್ಲೂ ಇದೆ. ಗೊತ್ತಿಲ್ಲದವರು ಓಟು ಹಾಕೋರು ಮಾತ್ರ.

ಟ್ಯೂಬ್‌ಲೈಟಿನ ಮೇಲಿನ ಹೆಸರು

ಇಲ್ಲಿ ನನಗೆ ಯಾವಾಗಲೂ ಒಂದು ಪ್ರಶ್ನೆ ಬರುತ್ತೆ. ನಾವು ಕೊಟ್ಟಿದ್ದನ್ನ ಹೇಳ್ಕೊಳ್ಳೋಕೆ ನಾಚಿಕೊಳ್ಳೋ ಜನವೇ ಅಲ್ಲ. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು, ಅವರಪ್ಪನ ಹೆಸರು, ಅಂಗಡಿ ಹೆಸರು ಎಲ್ಲ ಬರೆದು, ಬೆಳಕು ಬರೋಕೆ ಜಾಗ ಉಳಿದಿರಲ್ಲ. ಫ್ಯಾನಿನ ಮೂರೂ ರೆಕ್ಕೆ ಮೇಲೆ ಹೆಸರು. ಕುಡಿಯೋ ನೀರಿನ ಡ್ರಮ್ಮಿನ ಮೇಲೆ ಹೆಸರು. ಗಣೇಶನ ಚಂದಾಗೆ 101 ಕೊಟ್ಟರೂ ರಸೀದಿ ಹರಿದು ಕೊಡ್ತಾರೆ, ಸಂಜೆ ಮೈಕಲ್ಲಿ ಕೂಗ್ತಾರೆ.

ಇಂಥ ದೇಶದಲ್ಲಿ ಕೋಟಿಗಟ್ಟಲೆ ಕೊಟ್ಟವರು ಮಾತ್ರ ಯಾಕೆ 'ನನ್ನ ಹೆಸರು ಬೇಡಪ್ಪ' ಅಂತಾರೆ?

ಅದಕ್ಕೆ ಕೊಡೋ ಉತ್ತರ ಇದು: ಹೆಸರು ಗೊತ್ತಾದ್ರೆ ಎದುರು ಪಕ್ಷದವರು ಅಧಿಕಾರಕ್ಕೆ ಬಂದಾಗ ಕಾಟ ಕೊಡ್ತಾರೆ. ಸುಳ್ಳಲ್ಲ, ಆ ಭಯ ನಿಜ. ಆದ್ರೆ ಭಯ ಇರೋದು ಅಧಿಕಾರದಲ್ಲಿರೋರ ಬಗ್ಗೆ ತಾನೇ? ಅದಕ್ಕೆ ಸರ್ಕಾರಿ ಬ್ಯಾಂಕಿನಲ್ಲಿ ದಾಖಲೆ ಇಟ್ಟು, ಜನರಿಂದ ಮಾತ್ರ ಮುಚ್ಚಿಟ್ಟರೆ ರಕ್ಷಣೆ ಸಿಕ್ಕಿದ್ದು ಯಾರಿಗೆ?

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಯೋಜನೆಯನ್ನ ರದ್ದು ಮಾಡಿತು. ಪಕ್ಷಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ತಿಳಿಯೋದು ಮತದಾರರ ಹಕ್ಕು ಅಂತ ಹೇಳಿತು. ವಿವರ ಕೊಡೋಕೆ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಟೈಮ್ ಕೇಳಿತು. ಅಷ್ಟರಲ್ಲಿ ಲೋಕಸಭಾ ಚುನಾವಣೆಯೇ ಮುಗಿದಿರುತ್ತಿತ್ತು. ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 14ಕ್ಕೆ ಪಟ್ಟಿ ಆಯೋಗದ ವೆಬ್‌ಸೈಟಿಗೆ ಬಂತು.

ಅದುವರೆಗೆ ಒಟ್ಟು ಮಾರಾಟವಾಗಿದ್ದು ಸುಮಾರು 16,518 ಕೋಟಿ ರೂಪಾಯಿಯ ಬಾಂಡ್. ಬಹಿರಂಗವಾದ 2019ರ ಏಪ್ರಿಲ್ ನಂತರದ ಲೆಕ್ಕದಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್ಸಿಗೆ ಸುಮಾರು 1,609 ಕೋಟಿ, ಕಾಂಗ್ರೆಸ್ಸಿಗೆ ಸುಮಾರು 1,421 ಕೋಟಿ. ಅತಿ ಹೆಚ್ಚು ಬಾಂಡ್ ಕೊಂಡಿದ್ದು ಒಂದು ಲಾಟರಿ ಕಂಪನಿ, 1,368 ಕೋಟಿ. ಇನ್ನೊಂದು ವಿಷಯ: ಬಾಂಡ್ ಮುದ್ರಿಸೋ ಖರ್ಚು, ಬ್ಯಾಂಕಿನ ಕಮಿಷನ್ ಎಲ್ಲ ಸರ್ಕಾರದ್ದು. ಅಂದ್ರೆ ನಿಮ್ಮ ಸಂಬಳದಲ್ಲಿ ಕಟ್ ಆಗೋ ಟಿಡಿಎಸ್ಸಿನ ಒಂದು ಚೂರು ಅಲ್ಲೂ ಇತ್ತು.

ಬೇರೆಯವರು ಏನು ಮಾಡಿದ್ರು?

ಕಾಂಗ್ರೆಸ್ 2019ರ ಪ್ರಣಾಳಿಕೆಯಲ್ಲಿ ಈ ಬಾಂಡ್ ರದ್ದು ಮಾಡ್ತೀವಿ ಅಂದಿತ್ತು. ಜೊತೆಗೆ ಬಾಂಡೂ ತಗೊಂಡಿತು. ಎಲ್ಲರೂ ಆಡೋ ಆಟದಲ್ಲಿ ನಾವು ಮಾತ್ರ ಕೈಕಟ್ಟಿ ಕೂರೋಕಾಗುತ್ತಾ ಅನ್ನಬಹುದು. ಸಿಪಿಎಂ ಬಾಂಡ್ ತಗೊಳ್ಳಲಿಲ್ಲ, ಕೋರ್ಟಿಗೂ ಹೋಯ್ತು. ಹಾಗಾಗಿ ಆಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ.

ಆಮ್ ಆದ್ಮಿ ಪಕ್ಷದ ಕಥೆ ಇನ್ನೂ ಬೇಜಾರಿನದ್ದು. ಪ್ರತಿ ದಾನಿಯ ಹೆಸರನ್ನ ವೆಬ್‌ಸೈಟಿನಲ್ಲಿ ಹಾಕ್ತೀವಿ ಅನ್ನೋದೇ ಆ ಪಕ್ಷದ ಗುರುತಾಗಿತ್ತು. ನಮ್ಮ ಐಟಿ ಹುಡುಗರು ಎಷ್ಟೋ ಜನ ಅದನ್ನ ನೋಡಿಯೇ ಮೊದಲ ಸಲ ಒಂದು ಪಕ್ಷಕ್ಕೆ ಐನೂರೋ ಸಾವಿರವೋ ಕಳಿಸಿದ್ರು. 2016ರಲ್ಲಿ ಆ ಪಟ್ಟಿ ವೆಬ್‌ಸೈಟಿನಿಂದ ಇಳೀತು. ದಾನಿಗಳಿಗೆ ಕಾಟ ಕೊಡ್ತಿದ್ದಾರೆ ಅನ್ನೋದು ಅವರು ಕೊಟ್ಟ ಕಾರಣ. ಆಮೇಲೆ ಆ ಪಕ್ಷವೂ ಸುಮಾರು 65 ಕೋಟಿ ರೂಪಾಯಿಯ ಬಾಂಡ್ ಪಡೀತು.

ಎಲ್ಲರೂ ಒಟ್ಟಿಗೆ ಮಾಡಿದ್ದೂ ಇದೆ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಗೆ ಬರ್ತವೆ ಅಂತ ಆದೇಶ ಮಾಡಿತು. ಕಾಂಗ್ರೆಸ್, ಬಿಜೆಪಿ, ಎನ್‌ಸಿಪಿ, ಸಿಪಿಐ, ಸಿಪಿಎಂ, ಬಿಎಸ್‌ಪಿ. ಒಂದು ಪಕ್ಷವೂ ಪಾಲಿಸಲಿಲ್ಲ. ನಾವು ಪಂಚಾಯ್ತಿ ಪಿಡಿಒಗೆ ಆರ್‌ಟಿಐ ಹಾಕಬಹುದು, ದೇಶ ಆಳೋ ಪಕ್ಷಕ್ಕೆ ಹಾಕೋಕಾಗಲ್ಲ.

2014ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್, ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವಿದೇಶಿ ದೇಣಿಗೆ ಕಾನೂನು ಮುರಿದಿವೆ ಅಂತ ತೀರ್ಪು ಕೊಟ್ಟಿತು. ಆಮೇಲೆ ಏನಾಯ್ತು? ಕಾನೂನನ್ನೇ ತಿದ್ದಿದರು. ಮೊದಲು 2016ರಲ್ಲಿ, ಅದೂ ಸಾಲದೆ 2018ರಲ್ಲಿ ಮತ್ತೊಮ್ಮೆ, 1976ರಿಂದಲೇ ಅನ್ವಯ ಆಗೋ ಹಾಗೆ. 42 ವರ್ಷ ಹಿಂದಿನ ತಪ್ಪೂ ಮಾಫಿ. ಆ ವರ್ಷದ ಹಣಕಾಸು ಮಸೂದೆ ಲೋಕಸಭೆಯ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾಯ್ತು. ನಮಗೆ ರಿಟರ್ನ್ ಫೈಲ್ ಮಾಡೋದು ಒಂದು ದಿನ ತಡ ಆದ್ರೆ ದಂಡ ಇದೆ ಅಲ್ವಾ?

ಒಳ್ಳೇ ಕಾರಣ ಕೊಟ್ಟು ಮುರಿದ ಮಾತು

ಇದು ನಮ್ಮ ದೇಶದ ರೋಗ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ ವಾಟರ್‌ಗೇಟ್ ಹಗರಣದ ನಂತರ ಒಂದು ವ್ಯವಸ್ಥೆ ಬಂತು. ಅಧ್ಯಕ್ಷೀಯ ಅಭ್ಯರ್ಥಿಗಳಿಗೆ ಸರ್ಕಾರವೇ ಪ್ರಚಾರಕ್ಕೆ ಹಣ ಕೊಡುತ್ತೆ, ಅದನ್ನ ತಗೊಂಡವರು ಅಂತಿಮ ಸುತ್ತಿನಲ್ಲಿ ಖಾಸಗಿ ದೇಣಿಗೆ ಪಡೆಯೋ ಹಾಗಿಲ್ಲ. 1976ರಿಂದ 2004ರವರೆಗೆ ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಅಂತಿಮ ಸುತ್ತಿನಲ್ಲಿ ಅದನ್ನೇ ಪಡೆದರು.

2007ರಲ್ಲಿ ಬರಾಕ್ ಒಬಾಮಾ, ಎದುರಾಳಿ ಒಪ್ಪಿದ್ರೆ ತಾನೂ ಆ ವ್ಯವಸ್ಥೆಯಲ್ಲೇ ಇರ್ತೀನಿ ಅಂತ ಲಿಖಿತವಾಗಿ ಹೇಳಿದ್ರು. ಎದುರಾಳಿ ಜಾನ್ ಮೆಕೇನ್ ಸರ್ಕಾರದ 8.41 ಕೋಟಿ ಡಾಲರ್ ತಗೊಂಡರು. ಒಬಾಮಾ 2008ರ ಜೂನ್ 19ರಂದು ಬೆಂಬಲಿಗರಿಗೆ ವಿಡಿಯೊ ಕಳಿಸಿ, ಈ ವ್ಯವಸ್ಥೆ ಕೆಟ್ಟುಹೋಗಿದೆ, ನನಗೆ ಬೇಡ ಅಂದ್ರು. ಆ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಅವರು ಸಂಗ್ರಹಿಸಿದ್ದು 15 ಕೋಟಿ ಡಾಲರಿಗೂ ಹೆಚ್ಚು.

ಅವರ ಕಾರಣ ಕೆಟ್ಟದ್ದೇನಲ್ಲ. ಲಕ್ಷಾಂತರ ಸಾಮಾನ್ಯ ಜನ ಸಣ್ಣ ಸಣ್ಣ ಮೊತ್ತ ಕೊಟ್ಟಿದ್ದೂ ನಿಜ. ಆದ್ರೆ ಒಬ್ಬ ಗೆಲ್ಲೋ ಅಭ್ಯರ್ಥಿ ಬೇಲಿ ದಾಟಿದ ಮೇಲೆ ಬೇಲಿಗೆ ಬೆಲೆ ಉಳಿಯಲಿಲ್ಲ. 2012ರಿಂದ ಆಚೆಗೆ ಎರಡೂ ದೊಡ್ಡ ಪಕ್ಷಗಳ ಯಾವ ಅಧ್ಯಕ್ಷೀಯ ಅಭ್ಯರ್ಥಿಯೂ ಆ ಸರ್ಕಾರಿ ಹಣ ಮುಟ್ಟಿಲ್ಲ. ಮೂರು ದಶಕ ನಡೆದುಬಂದ ವ್ಯವಸ್ಥೆ ಒಂದು ಮುರಿದ ಮಾತಿಗೆ ಮೂಲೆ ಸೇರಿತು.

ಈ ಭರವಸೆ ಮುರಿಯೋರು ಯಾವತ್ತೂ ಕಳ್ಳರ ಥರ ಕಾಣಲ್ಲ. ಪ್ರತಿ ಸಲವೂ ಒಂದು ಒಳ್ಳೇ ಪದ ಕೈಯಲ್ಲಿರುತ್ತೆ. ಒಮ್ಮೆ ಪಾರದರ್ಶಕತೆ, ಒಮ್ಮೆ ದಾನಿಗಳ ಸುರಕ್ಷತೆ, ಒಮ್ಮೆ ಸಣ್ಣ ದಾನಿಗಳ ಶಕ್ತಿ. ಪದ ಕೇಳಿ ನಾವು ತಲೆಯಾಡಿಸ್ತೀವಿ. ಹೆಸರಿನ ಪಟ್ಟಿ ಕೇಳೋದೇ ಇಲ್ಲ.

ನಮಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ. ಕಳೆದ ಕೆಲವು ವರ್ಷ ಟ್ಯಾಕ್ಸ್ ಸೀಸನ್ನಿನಲ್ಲಿ ನನಗೇ ಒಬ್ಬ ಏಜೆಂಟ್ ಫೋನ್ ಮಾಡಿದ್ದಾನೆ. 'ಸಾರ್, ಒಂದು ಪಾರ್ಟಿ ಇದೆ. 50 ಸಾವಿರ ಟ್ರಾನ್ಸ್‌ಫರ್ ಮಾಡಿ. ಕಮಿಷನ್ ಹಿಡ್ಕೊಂಡು ಉಳಿದಿದ್ದು ಕ್ಯಾಶ್ ವಾಪಸ್. 80ಜಿಜಿಸಿಯಲ್ಲಿ ಪೂರ್ತಿ ವಿನಾಯ್ತಿ.' ಆ ಪಾರ್ಟಿಯ ಹೆಸರನ್ನ ನಾನು ಯಾವ ಮತಯಂತ್ರದಲ್ಲೂ ನೋಡಿಲ್ಲ. ಫೋನ್ ಇಟ್ಟೆ. ನಿಮಗೂ ಬಂದ್ರೆ ಇಟ್ಟುಬಿಡಿ. ಹೆಸರಿಗಷ್ಟೇ ನೋಂದಣಿಯಾದ ಇಂಥ ಪಕ್ಷಗಳ ಮೇಲೆ ಆದಾಯ ತೆರಿಗೆ ಇಲಾಖೆ 2022ರಲ್ಲಿ ದಾಳಿ ಮಾಡಿತ್ತು, ಹೀಗೆ ದೇಣಿಗೆ ತೋರಿಸಿದ ಸಂಬಳದಾರರಿಗೂ ನೋಟಿಸ್ ಬಂದಿವೆ.

ನೋಡಿ, ಮೇಲೆ ಹೆಸರು ಮುಚ್ಚಿಟ್ಟು ನಡೆಯೋ ವ್ಯವಹಾರ ಹೀಗೆ ಕೆಳಗೆ ನಮ್ಮ ಮೊಬೈಲ್ ತನಕ ಇಳಿದು ಬರುತ್ತೆ.

ಇನ್ನು ಖರ್ಚಿನ ಕಡೆ. ವಿಧಾನಸಭೆಗೆ ನಿಂತವರು ನಮ್ಮಂಥ ದೊಡ್ಡ ರಾಜ್ಯದಲ್ಲಿ 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ಮೀರಿ ಖರ್ಚು ಮಾಡೋ ಹಾಗಿಲ್ಲ ಅಂತ 2022ರಲ್ಲಿ ನಿಗದಿಯಾಗಿದೆ. ಪಕ್ಷ ಮಾಡೋ ಖರ್ಚಿಗೆ ಮಿತಿಯೇ ಇಲ್ಲ. 2023ರ ನಮ್ಮ ಚುನಾವಣೆಯಲ್ಲಿ ನಗದು, ಹೆಂಡ, ಚಿನ್ನ, ಉಡುಗೊರೆ ಸೇರಿ ಆಯೋಗ ಜಪ್ತಿ ಮಾಡಿದ್ದೇ 375 ಕೋಟಿಗೂ ಹೆಚ್ಚು. ಅದು ಸಿಕ್ಕಿಬಿದ್ದದ್ದರ ಲೆಕ್ಕ.

ಹಾಗಾದ್ರೆ ಕೇಳಬೇಕಾದ್ದು ಏನು? 'ಭ್ರಷ್ಟಾಚಾರ ತೊಲಗಿಸ್ತೀರಾ' ಅಂತಲ್ಲ. ಅದಕ್ಕೆ ಎಲ್ಲರೂ ಹೌದು ಅಂತಾರೆ. ಕೇಳಬೇಕಾದ್ದು ದಿನಾಂಕದ ಪ್ರಶ್ನೆ. ಹೆಸರು ಯಾವಾಗ ಹೊರಗೆ ಬರುತ್ತೆ? ಓಟಿಗೆ ಮೊದಲೋ, ಆಮೇಲೋ?

ಈಗಿನ ನಿಯಮ ನೋಡಿ. ಪಕ್ಷಗಳು ದೇಣಿಗೆಯ ವರದಿ ಕೊಡೋದು ಆರ್ಥಿಕ ವರ್ಷ ಮುಗಿದ ಮೇಲೆ, ಆದಾಯ ತೆರಿಗೆ ರಿಟರ್ನ್ ಹೊತ್ತಿಗೆ. ಅಂದ್ರೆ ನಮ್ಮಲ್ಲಿ 2023ರ ಏಪ್ರಿಲ್, ಮೇ ತಿಂಗಳಲ್ಲಿ ಚುನಾವಣೆಗೆ ಅಂತ ಬಂದ ದುಡ್ಡು 2023–24ರ ಲೆಕ್ಕಕ್ಕೆ ಸೇರುತ್ತೆ. ಅದರ ವರದಿ ಬರಬೇಕಾದ್ದು 2024ರಲ್ಲಿ. ಸರ್ಕಾರ ಬಂದು ವರ್ಷ ಕಳೆದಿರುತ್ತೆ, ಟೆಂಡರ್‌ಗಳು ಕರೆದಾಗಿರುತ್ತೆ. ಮದುವೆ ಮುಗಿದು ಮಗು ಆದ ಮೇಲೆ ಜಾತಕ ಕೊಟ್ಟ ಹಾಗೆ. ಅಮೆರಿಕದಲ್ಲಿ ನೂರೆಂಟು ಕಳ್ಳದಾರಿ ಇದ್ರೂ, ಅಭ್ಯರ್ಥಿಗೆ ನೇರವಾಗಿ 200 ಡಾಲರ್ ಮೀರಿ ಕೊಟ್ಟವರ ಹೆಸರು ಚುನಾವಣೆ ನಡೆಯೋ ವರ್ಷದಲ್ಲೇ ಆಗಾಗ ಹೊರಬರ್ತಾ ಇರುತ್ತೆ.

ಇದು ಇಲ್ಲಿ ಆಗದ ಕೆಲಸವೇನಲ್ಲ. ಬೀದಿ ಬದಿ ಟೀ ಅಂಗಡಿಯವರ ಡಬ್ಬಿಯೇ 10 ರೂಪಾಯಿ ಬಂತು ಅಂತ ಆ ಕ್ಷಣಕ್ಕೆ ಕೂಗುತ್ತೆ. ಪಕ್ಷದ ಖಾತೆಗೆ 10 ಕೋಟಿ ಬಂದದ್ದು ವಾರದೊಳಗೆ ಹೇಳೋಕೆ ತಂತ್ರಜ್ಞಾನದ ಕೊರತೆ ಇದೆಯಾ?

ಬಾಂಡ್ ಹೋಯ್ತು, ದುಡ್ಡು ನಿಂತಿಲ್ಲ. ಚೆಕ್ಕಿನಲ್ಲಿ, ಎಲೆಕ್ಟೋರಲ್ ಟ್ರಸ್ಟ್ ಮೂಲಕ ಬರ್ತಾನೇ ಇದೆ. ಟ್ರಸ್ಟಿನ ವರದಿಯಲ್ಲಿ ಕೊಟ್ಟವರ ಪಟ್ಟಿ ಒಂದು ಕಡೆ, ಪಡೆದವರ ಪಟ್ಟಿ ಒಂದು ಕಡೆ. ಹಲವು ಕಂಪನಿ, ಹಲವು ಪಕ್ಷ ಇದ್ದಾಗ ಯಾರದ್ದು ಯಾರಿಗೆ ಅಂತ ನಾವೇ ಊಹಿಸಬೇಕು. ಆದ್ರೂ ನೋಡಬಹುದಾದ್ದು ಸಾಕಷ್ಟಿದೆ. ಆಯೋಗದ ವೆಬ್‌ಸೈಟಿನಲ್ಲಿ ಪಕ್ಷಗಳ ದೇಣಿಗೆ ವರದಿಗಳಿವೆ. ಎಡಿಆರ್ ಸಂಸ್ಥೆಯ ಮೈನೇತಾ ತಾಣದಲ್ಲಿ ನಿಮ್ಮ ಶಾಸಕರ ಆಸ್ತಿ, ಕೇಸು ಎಲ್ಲ ಇದೆ. ಮೆಟ್ರೋದಲ್ಲಿ ಮೆಜೆಸ್ಟಿಕ್ಕಿನಿಂದ ಇಂದಿರಾನಗರ ತಲುಪೋ ಅಷ್ಟರಲ್ಲಿ ನಿಮ್ಮ ಕ್ಷೇತ್ರದ್ದು ನೋಡಿ ಮುಗಿಸಬಹುದು.

ಮುಂದಿನ ಸಲ ಕರಪತ್ರ ಹಿಡಿದು ಅಪಾರ್ಟ್‌ಮೆಂಟ್ ಗೇಟಿಗೆ ಬಂದವರು ಯಾವ ಪಕ್ಷದವರೇ ಆಗಿರಲಿ, ಸೆಲ್ಫಿಗೆ ನಿಲ್ಲೋ ಮುಂಚೆ ನಗುನಗುತ್ತಾನೇ ಒಂದು ಪ್ರಶ್ನೆ ಕೇಳಿ. 'ಸಾರ್, ನಿಮಗೆ ದುಡ್ಡು ಕೊಟ್ಟೋರ ಪಟ್ಟಿಯನ್ನ ಮತದಾನಕ್ಕೆ ಒಂದು ವಾರ ಮೊದಲೇ ಹಾಕ್ತೀರಾ?'

ಹಾಕ್ತೀವಿ ಅಂದ್ರೆ ಒಳ್ಳೇದು. ಯಾವ ತಾರೀಕು ಅಂತಾನೂ ಕೇಳಿ, ಬರೆದಿಟ್ಟುಕೊಳ್ಳಿ.